ಆರು ತಿಂಗಳಿಗೊಬ್ಬ ರಾಜ!

ರಾಜನ ಮಗನೇ ರಾಜ ಆಗ್ತಾನೆ ಅಂತ ಇತಿಹಾಸದಲ್ಲಿ ಓದಿದ್ದೇವೆ. ಆದರೆ ಟೂರ್ನಮೆಂಟ್ ಗೆದ್ದವರೇ ಪಟ್ಟಕ್ಕೇರುವ ರಾಜ್ಯಗಳು ಇವತ್ತಿಗೂ ಇವೆ ಅಂದ್ರೆ ನಂಬ್ತೀರಾ?

ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೋನಿಸಂ, ಚಿಕ್ಕದಾಗಿ ಎಸ್‌ಸಿಎ. 1966ರ ಮೇ 1ರಂದು ಅಮೆರಿಕದ ಬರ್ಕ್‌ಲಿಯಲ್ಲಿ, ಒಂದು ಮನೆಯ ಹಿತ್ತಲಲ್ಲಿ ನಡೆದ ಪಾರ್ಟಿಯಿಂದ ಇದು ಶುರುವಾಯ್ತು. ಇದರ ಸದಸ್ಯರು 17ನೇ ಶತಮಾನಕ್ಕಿಂತ ಹಿಂದಿನ ಉಡುಗೆ, ಅಡುಗೆ, ಕುಶಲಕಲೆ, ಯುದ್ಧಕಲೆಗಳನ್ನು ಕೈಯಾರೆ ಮಾಡಿ ಕಲೀತಾರೆ. ಒಂದೊಂದು ಪ್ರದೇಶಕ್ಕೂ ಒಂದೊಂದು 'ರಾಜ್ಯ'.

ಪಟ್ಟ ಸಿಗೋದು ಹೇಗೆ?

ಲೋಹದ ಶಿರಸ್ತ್ರಾಣ, ಕವಚ ತೊಟ್ಟು, ಬೆತ್ತದ ಕತ್ತಿ ಹಿಡಿದು ನಿಜವಾಗಿಯೇ ಹೊಡೆದಾಡ್ತಾರೆ. ಮಾರ್ಷಲ್‌ಗಳು ಸುರಕ್ಷತೆ ನೋಡ್ಕೋತಾರೆ. ಆದರೆ ಏಟು ಸರಿಯಾಗಿ ಬಿತ್ತಾ, ಇಲ್ವಾ ಅಂತ ಹೇಳಬೇಕಾದವನು ಏಟು ತಿಂದವನೇ! ಕಿರೀಟ ಕೈತಪ್ಪಿ ಹೋಗ್ತಿದ್ರೂ 'ನಾನು ಸತ್ತೆ' ಅಂತ ತಾನೇ ಒಪ್ಪಿಕೊಂಡು ಬೀಳಬೇಕು. ಇಡೀ ವ್ಯವಸ್ಥೆ ನಿಂತಿರೋದು ಈ ಪ್ರಾಮಾಣಿಕತೆಯ ಮೇಲೆ.

ಗೆದ್ದವರು ತಮ್ಮ ಜೊತೆಗಾರರೊಂದಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಆಳ್ತಾರೆ. ಒಮ್ಮೆ ಆಳಿ ಇಳಿದವರು ಕೌಂಟ್ ಅಥವಾ ಕೌಂಟೆಸ್. ಎರಡು ಸಲ ಆಳಿದರೆ ಡ್ಯೂಕ್ ಅಥವಾ ಡಚೆಸ್.

ಕತ್ತಿ ಹಿಡಿಯದವರ ಕಥೆ ಏನು?

ಅಸಲಿ ವಿಷಯ ಇರೋದೇ ಇಲ್ಲಿ. ಮೊದಲ ಮೆಟ್ಟಿಲು 'ಅವಾರ್ಡ್ ಆಫ್ ಆರ್ಮ್ಸ್'. ಅದು ಸಿಕ್ಕಿದರೆ ಲಾರ್ಡ್ ಅಥವಾ ಲೇಡಿ ಅಂತ ಕರೆಸಿಕೊಳ್ಳಬಹುದು. ಮೇಲಿನ ಹಂತದಲ್ಲಿ 'ಪೀರ್'ಗಳಿದ್ದಾರೆ. ಯುದ್ಧದಲ್ಲಿ ಪಳಗಿದವರು ನೈಟ್ ಆಗಿ ಬಿಳಿ ಬೆಲ್ಟ್ ಕಟ್ತಾರೆ. ಕಲೆ, ಸಂಶೋಧನೆಯಲ್ಲಿ ಸಾಧಿಸಿದವರಿಗೆ 'ಲಾರೆಲ್'. ವರ್ಷಗಟ್ಟಲೆ ಅಡುಗೆಮನೆ, ಲೆಕ್ಕಪತ್ರ, ಕಾರ್ಯಕ್ರಮದ ಹೊಣೆ ಹೊತ್ತವರಿಗೆ 'ಪೆಲಿಕನ್'. ತನ್ನ ಎದೆಯನ್ನೇ ಕುಕ್ಕಿ ಮರಿಗಳಿಗೆ ರಕ್ತ ಉಣಿಸುತ್ತೆ ಅಂತ ಮಧ್ಯಯುಗದ ಯುರೋಪಿನವರು ನಂಬಿದ್ದ ಹಕ್ಕಿ ಅದು. ಹೆಸರಿನಲ್ಲೇ ಅರ್ಥ ಇದೆ ನೋಡಿ. ಈ ಮೂರೂ ಸಮಾನ ದರ್ಜೆಯವು. ಪಾತ್ರೆ ತೊಳೆದ ಕೈ ಕತ್ತಿ ಬೀಸಿದ ಕೈಗಿಂತ ಕೆಳಗಲ್ಲ.

ಈ ಬಿರುದುಗಳಿಗೆ ಹೊರಗೆ ಯಾವ ಬೆಲೆಯೂ ಇಲ್ಲ. ಸಂಸ್ಥೆಯ ಹಣ, ಕಾನೂನು ಎಲ್ಲ ನೋಡಿಕೊಳ್ಳೋದು ನಿರ್ದೇಶಕ ಮಂಡಳಿ, ರಾಜನಲ್ಲ. ಆದರೂ ಜನ ವರ್ಷಗಟ್ಟಲೆ ದುಡೀತಾರೆ. ಯಾಕಂದ್ರೆ ತುಂಬಿದ ಸಭೆಯಲ್ಲಿ ಹೆಸರು ಕೂಗಿ, 'ನಿನ್ನ ಕೆಲಸ ನಾವು ನೋಡಿದ್ದೇವೆ' ಅನ್ನೋ ಹಾಗೆ ಗೌರವಿಸ್ತಾರಲ್ಲ, ಅದು ದುಡ್ಡಿಗೆ ಸಿಗಲ್ಲ.

ನಮ್ಮ ಫೆಸ್ಟ್ ಮುಗಿದ ಮೇಲೆ ಕುರ್ಚಿ ಎತ್ತಿಡುವ ಜೂನಿಯರ್‌ಗಳಿಗೆ ಯಾವ ಬಿರುದು ಕೊಡೋಣ? ಯೋಚಿಸಿ!