ಜಿಎಸ್‌ಎಂ ಮಾಡ್ಯೂಲ್ ಹ್ಯಾಂಗ್ ಆದರೆ ಅದರ ರೀಸೆಟ್ ಪಿನ್ನಿಗೆ ಆರ್ಡುಯಿನೋದಿಂದ ನೇರ ವೈರ್ ಕೊಡಬಹುದೇ?

ಮೊಬೈಲ್‌ನಿಂದ ಪಂಪ್‌ಸೆಟ್ ಆನ್-ಆಫ್ ಮಾಡುವ ಸಾಧನವನ್ನು ಈಗ ಕೆಲವರು ತಾವೇ ಜೋಡಿಸಿಕೊಳ್ಳುತ್ತಾರೆ. ಒಳಗಿರುವುದು ಆರ್ಡುಯಿನೋ ಊನೋ ಬೋರ್ಡ್, ರಿಲೇ ಮತ್ತು ಸಿಮ್ ಹಾಕುವ ಸಿಮ್800ಎಲ್ ಮಾಡ್ಯೂಲ್. ಈ ಮಾಡ್ಯೂಲ್ ಹ್ಯಾಂಗ್ ಆದರೆ ಕರೆಯೂ ಹೋಗದು, ಮೆಸೇಜೂ ಹೋಗದು. ಓಡುತ್ತಿರುವ ಮೋಟಾರ್ ನಿಲ್ಲಿಸಲು ರಾತ್ರಿಯಾದರೂ ಹೊಲಕ್ಕೆ ಹೋಗಲೇಬೇಕು.

ಹೇಳುವ ಮಾತು: ಆರ್ಡುಯಿನೋದ ಒಂದು ಪಿನ್ನಿನಿಂದ ಮಾಡ್ಯೂಲಿನ ರೀಸೆಟ್ ಪಿನ್ನಿಗೆ ವೈರ್ ಎಳೆದರೆ ಸಮಸ್ಯೆ ಮುಗಿಯಿತು.

ನಿಜವೇನು?
ಅರ್ಧ ನಿಜ. ರೀಸೆಟ್ ಪಿನ್ನನ್ನು ಗ್ರೌಂಡ್‌ಗೆ ಎಳೆದು ಕನಿಷ್ಠ 105 ಮಿಲಿಸೆಕೆಂಡ್ ಹಿಡಿದು ಬಿಟ್ಟರೆ ಮಾಡ್ಯೂಲ್ ಹೊಸದಾಗಿ ಶುರುವಾಗುತ್ತದೆ. 200 ಮಿಲಿಸೆಕೆಂಡ್ ಇಟ್ಟುಕೊಳ್ಳಬಹುದು. ತೊಂದರೆ ಇರುವುದು 'ಬಿಡುವ' ಹೊತ್ತಿನಲ್ಲಿ. ಊನೋ ಪಿನ್ 'ಹೈ' ಆದಾಗ 5 ವೋಲ್ಟ್ ಕೊಡುತ್ತದೆ. ಮಾಡ್ಯೂಲಿನ ಪಿನ್ನುಗಳು ಸುಮಾರು 2.8 ವೋಲ್ಟಿನವು. ಹೆಚ್ಚಿನ ವೋಲ್ಟೇಜ್ ಹೋದರೆ ಮಾಡ್ಯೂಲ್ ಕೆಡಬಹುದು.

ಸುರಕ್ಷಿತ ದಾರಿ ಯಾವುದು?
ನಡುವೆ ಬಿಸಿ547ರಂಥ ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿ. ಕಲೆಕ್ಟರ್ ರೀಸೆಟ್ ಪಿನ್ನಿಗೆ, ಎಮಿಟರ್ ಗ್ರೌಂಡ್‌ಗೆ, ಬೇಸ್ 4.7 ಕಿಲೋ ಓಮ್ ರೆಸಿಸ್ಟರ್ ಮೂಲಕ ಆರ್ಡುಯಿನೋಗೆ. ಆಗ ಪಿನ್ 'ಹೈ' ಆದರೆ ರೀಸೆಟ್, 'ಲೋ' ಆದರೆ ಬಿಡುಗಡೆ. 5 ವೋಲ್ಟ್ ಮಾಡ್ಯೂಲನ್ನು ಮುಟ್ಟುವುದೇ ಇಲ್ಲ. ಎರಡೂ ಬೋರ್ಡುಗಳ ಗ್ರೌಂಡ್ ಒಂದೇ ಆಗಿರಬೇಕು.

ಯಾವಾಗ ರೀಸೆಟ್ ಮಾಡಬೇಕು?
ಗಡಿಯಾರ ನೋಡಿ ಅಲ್ಲ. 'ಎಟಿ' ಎಂಬ ಆದೇಶ ಕಳಿಸಿದರೆ ಮಾಡ್ಯೂಲ್ 'ಓಕೆ' ಎನ್ನಬೇಕು. ಮೂರು ಸಲ ಕೇಳಿದರೂ ಉತ್ತರ ಬಾರದಿದ್ದರೆ ಮಾತ್ರ ರೀಸೆಟ್ ಮಾಡುವಂತೆ ಪ್ರೋಗ್ರಾಂ ಬರೆಯಿರಿ. ಮತ್ತೆ ನೆಟ್‌ವರ್ಕ್ ಹಿಡಿಯಲು ಅದಕ್ಕೆ ಸಮಯ ಕೊಡಿ. ಇಲ್ಲದಿದ್ದರೆ ರೀಸೆಟ್ ಮೇಲೆ ರೀಸೆಟ್ ಆಗುತ್ತಲೇ ಇರುತ್ತದೆ. ರಿಲೇ ಆರ್ಡುಯಿನೋ ಕೈಯಲ್ಲಿರುವುದರಿಂದ, ಮಾಡ್ಯೂಲ್ ಮಾತ್ರ ರೀಸೆಟ್ ಆದರೆ ಮೋಟಾರ್ ತಾನಾಗಿ ಆನ್ ಅಥವಾ ಆಫ್ ಆಗುವುದಿಲ್ಲ.

ಪದೇ ಪದೇ ಹ್ಯಾಂಗ್ ಆಗುತ್ತಿದೆಯೇ?
ಹಾಗಾದರೆ ಮೊದಲು ಪವರ್ ನೋಡಿ. ಸಿಮ್800ಎಲ್‌ಗೆ ಬೇಕಿರುವುದು 3.4ರಿಂದ 4.4 ವೋಲ್ಟ್. ಸಿಗ್ನಲ್ ಕಳಿಸುವ ಕ್ಷಣದಲ್ಲಿ ಅದು 2 ಆಂಪಿಯರ್‌ವರೆಗೂ ಎಳೆಯುತ್ತದೆ. ಆರ್ಡುಯಿನೋದ 5 ವೋಲ್ಟ್ ಪಿನ್ನಿನಲ್ಲಿ ವೋಲ್ಟೇಜೂ ಹೆಚ್ಚು, ಇಷ್ಟು ಕರೆಂಟ್ ಕೊಡುವ ತಾಕತ್ತೂ ಇಲ್ಲ. ಬೇರೆ ಪವರ್ ಸಪ್ಲೈ ಬೇಕು.

ಕೊನೆಯ ಮಾತು: ರೀಸೆಟ್ ಉಪಯೋಗಕ್ಕೆ ಬರುವುದು ನಿಜ, ನೇರ ವೈರ್ ಸರಿಯಲ್ಲ. ಪವರ್ ಸರಿಯಿಲ್ಲದಿದ್ದರೆ ಎಷ್ಟು ಸಲ ರೀಸೆಟ್ ಮಾಡಿದರೂ ಪ್ರಯೋಜನವಿಲ್ಲ. ಪಂಪ್‌ಸೆಟ್ಟಿನ ಮೂರು ಫೇಸ್ ಲೈನ್ ಕೆಲಸವನ್ನಂತೂ ಎಲೆಕ್ಟ್ರಿಷಿಯನ್‌ಗೇ ಬಿಡಿ ಎನ್ನುವುದು ನಮ್ಮ ಸಲಹೆ.