ವದಂತಿಗೆ ಬಲಿಯಾಗುತ್ತಿರುವ ಟೋಕೆ ಹಲ್ಲಿ

ಹಲ್ಲಿ ಎಂದೊಡನೆ ಮುಖ ಸಿಂಡರಿಸುವವರೇ ಹೆಚ್ಚು. ಲೊಚಗುಟ್ಟಿದರೆ ಶಕುನವೆಂದು ಭಾವಿಸುವುದು, ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಫಲ ಹುಡುಕುವುದು ಇಂದಿಗೂ ರೂಢಿಯಲ್ಲಿದೆ. ವಾಸ್ತವವಾಗಿ, ದೀಪದ ಬಳಿ ಹುಳುಹುಪ್ಪಟೆಗಳನ್ನು ಹಿಡಿದು ತಿನ್ನುವ ಮನೆಹಲ್ಲಿ ವಿಷಜಂತುವಲ್ಲ.

ಈ ಬಳಗದಲ್ಲಿ 1,500ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳ ಪೈಕಿ ದೊಡ್ಡ ಗಾತ್ರದ್ದು ಟೋಕೆ ಹಲ್ಲಿ. ಈಶಾನ್ಯ ಭಾರತದಿಂದ ಇಂಡೋನೇಷ್ಯಾದವರೆಗೆ ಇದರ ನೆಲೆ. 30 ಸೆಂ.ಮೀ. ಮೀರಿ ಬೆಳೆಯುವ ಇದರ ಬೂದುನೀಲಿ ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳಿರುತ್ತವೆ. ಗಂಡು ರಾತ್ರಿ ವೇಳೆ 'ಟೋ-ಕೆ' ಎಂದು ಕೂಗುವುದರಿಂದಲೇ ಈ ಹೆಸರು ಬಂದಿದೆ.

ಗಾಜಿನ ಮೇಲೂ ಜಾರದೆ ಓಡುವ ಹಲ್ಲಿಯ ಕಾಲಿನಲ್ಲಿ ಅಂಟಿಲ್ಲ. ಟೋಕೆಯ ಪ್ರತಿ ಪಾದದಲ್ಲಿ ಸುಮಾರು 5 ಲಕ್ಷ ಸೂಕ್ಷ್ಮ ರೋಮಗಳಿವೆ. ಅವುಗಳ ಕವಲೊಡೆದ ತುದಿಗಳಿಗೂ ಗೋಡೆಗೂ ನಡುವೆ ಅಣುಮಟ್ಟದಲ್ಲಿ ಉಂಟಾಗುವ ಆಕರ್ಷಣೆಯೇ ಈ ಹಿಡಿತದ ಗುಟ್ಟು.

ಆದರೆ ಟೋಕೆಗೆ ಕುತ್ತು ತಂದಿರುವುದು ಮನುಷ್ಯನ ನಂಬಿಕೆ. ಚೀನಾದ ಸಾಂಪ್ರದಾಯಿಕ ಔಷಧಕ್ಕಾಗಿ ಒಣಗಿಸಿದ ಟೋಕೆಗಳ ವ್ಯಾಪಾರ ಹಳೆಯದು. ಇದು ಏಡ್ಸ್ ಗುಣಪಡಿಸುತ್ತದೆಂಬ ವದಂತಿ ಹಬ್ಬಿದ ಬಳಿಕ ಬೇಟೆ ಇನ್ನಷ್ಟು ಹೆಚ್ಚಿತು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಇಂತಹ ಚಿಕಿತ್ಸೆಯನ್ನು ನಂಬದಂತೆ ಫಿಲಿಪ್ಪೀನ್ಸ್‌ನ ಆರೋಗ್ಯ ಇಲಾಖೆ 2011ರಲ್ಲೇ ಎಚ್ಚರಿಸಿತ್ತು. 2019ರಲ್ಲಿ ಟೋಕೆಯನ್ನು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ 'ಸೈಟಿಸ್'ನ ಎರಡನೇ ಅನುಬಂಧಕ್ಕೆ ಸೇರಿಸಿ, ವ್ಯಾಪಾರಕ್ಕೆ ಕಡಿವಾಣ ಹಾಕಲಾಯಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕಿದ್ದು, ಹಿಡಿಯುವುದು, ಮಾರುವುದು ಶಿಕ್ಷಾರ್ಹ ಅಪರಾಧ.

ವಿದೇಶಗಳಲ್ಲಿ ಸಾಕುಪ್ರಾಣಿಯಾಗಿ ಹೆಚ್ಚು ಜನಪ್ರಿಯವಾಗಿರುವುದು ಸೌಮ್ಯ ಸ್ವಭಾವದ ಲೆಪರ್ಡ್ ಗೆಕ್ಕೊ. ಪಾಕಿಸ್ತಾನ, ಅಫ್ಘಾನಿಸ್ತಾನ ಹಾಗೂ ವಾಯವ್ಯ ಭಾರತದ ಒಣ ಪ್ರದೇಶಗಳು ಇದರ ತವರು. ಮನೆಹಲ್ಲಿಗಿಲ್ಲದ ಕಣ್ಣುರೆಪ್ಪೆ ಇದಕ್ಕುಂಟು. ಗೋಡೆ ಹತ್ತುವ ಪಾದವಿಲ್ಲ. ಹೊರದೇಶಗಳಲ್ಲಿ ಮಾರಾಟವಾಗುವ ಬಹುಪಾಲು ಲೆಪರ್ಡ್ ಗೆಕ್ಕೊಗಳು ಸಾಕಣೆಯಲ್ಲೇ ಹುಟ್ಟಿದಂಥವು.

ಇದನ್ನು ಸಾಕುವುದು ಸುಲಭವೆಂಬ ಮಾತಿದ್ದರೂ ಹೊಣೆ ಸಣ್ಣದಲ್ಲ. ಆರೈಕೆ ಸರಿಯಾಗಿದ್ದರೆ ಇದು 15ರಿಂದ 20 ವರ್ಷ ಬದುಕುತ್ತದೆ. ಗಾಜಿನ ಪೆಟ್ಟಿಗೆಯ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿರಬೇಕು. ಅವಿತುಕೊಳ್ಳಲು ಜಾಗ, ಜೀವಂತ ಕೀಟಗಳ ಆಹಾರ, ಅದರೊಂದಿಗೆ ಕ್ಯಾಲ್ಸಿಯಂ ಪುಡಿ ಅಗತ್ಯ. ಸರೀಸೃಪಗಳಿಂದ ಸಾಲ್ಮೊನೆಲ್ಲಾ ಸೋಂಕು ಹರಡಬಹುದಾದ ಕಾರಣ, ಮುಟ್ಟಿದ ನಂತರ ಕೈತೊಳೆಯುವುದು ಕಡ್ಡಾಯ.

ಭಾರತದಲ್ಲಿ ಇಂತಹ ಜೀವಿಯನ್ನು ಸಾಕಬಯಸುವವರು ಮೊದಲು ಕಾನೂನು ಅದಕ್ಕೆ ಅವಕಾಶ ನೀಡುತ್ತದೆಯೇ ಎಂಬುದನ್ನು ಅರಣ್ಯ ಇಲಾಖೆಯಿಂದ ತಿಳಿದುಕೊಳ್ಳಬೇಕು. ಅದು ಎಲ್ಲಿಂದ ಬಂತೆಂಬುದಕ್ಕೆ ದಾಖಲೆ ನೀಡದ ಮಾರಾಟಗಾರರಿಂದ ದೂರವಿರುವುದೇ ಲೇಸು. ಕೊಳ್ಳುವವರಿದ್ದರೆ ಮಾತ್ರವೇ ಕಾಡಿನಲ್ಲಿ ಬಲೆ ಬೀಸುವವರಿರುತ್ತಾರೆ.