ಚಾರ್ಜ್: ಪದ ಒಂದೇ, ಅರ್ಥ ಹಲವು

ಬಸ್ ಚಾರ್ಜ್, ಮೊಬೈಲ್ ಚಾರ್ಜ್, ಲಾಠಿ ಚಾರ್ಜ್, ಚಾರ್ಜ್‌ಶೀಟ್. ಗಡಿನಾಡಿನಲ್ಲಿ ಯಾವ ಭಾಷೆ ಮಾತಾಡಿದರೂ ಈ ಇಂಗ್ಲಿಷ್ ಪದ ನಿತ್ಯ ಬಳಕೆಯಲ್ಲಿದೆ. ಸಂದರ್ಭ ಬದಲಾದಂತೆ ಅರ್ಥವೂ ಬದಲಾಗುತ್ತದೆ.

ಇದು ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದ. ಮೂಲಾರ್ಥ 'ಹೊರೆ ಹೇರು'. ಬ್ಯಾಟರಿಗೆ ವಿದ್ಯುತ್ ತುಂಬುವುದು, ಗಿರಾಕಿಗೆ ಶುಲ್ಕ ಹಾಕುವುದು, ಅಧಿಕಾರಿಗೆ ಹೊಣೆ ವಹಿಸುವುದು ಎಲ್ಲವೂ ಇದರಿಂದಲೇ ಹುಟ್ಟಿದವು. ಕನ್ನಡದಲ್ಲೂ ಆರೋಪವನ್ನು 'ಹೊರಿಸುತ್ತೇವೆ'. ಇನ್‌ಚಾರ್ಜ್ ಅಧಿಕಾರಿಯನ್ನು 'ಪ್ರಭಾರ' ಎನ್ನುತ್ತೇವೆ.

ಎರಡು ಕಡೆ ಎಚ್ಚರ ಬೇಕು. ಚಾರ್ಜ್‌ಶೀಟ್ ಎಂದರೆ ತನಿಖೆ ಮುಗಿಸಿದ ಪೊಲೀಸರು ಕೋರ್ಟಿಗೆ ಸಲ್ಲಿಸುವ ದೋಷಾರೋಪ ಪಟ್ಟಿ, ಅದು ತೀರ್ಪಲ್ಲ. ಜಮೀನಿನ ದಾಖಲೆಯಲ್ಲಿ ಬ್ಯಾಂಕಿನ 'ಚಾರ್ಜ್' ಎಂದಿದ್ದರೆ ಅದು ಶುಲ್ಕವಲ್ಲ, ಜಮೀನಿನ ಮೇಲಿರುವ ಸಾಲದ ಹೊರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಂನಲ್ಲಿ ಇದರ ವಿವರಣೆಯಿದೆ.

ಜಮೀನು ಕೊಳ್ಳುವ ಮುನ್ನ ಕರ್ನಾಟಕದಲ್ಲಿ ಋಣಭಾರ ಪತ್ರ, ಕೇರಳದಲ್ಲಿ ಬಾಧ್ಯತಾ ಸರ್ಟಿಫಿಕೇಟ್, ತಮಿಳುನಾಡಿನಲ್ಲಿ ವಿಲ್ಲಂಗ ಸಾನ್ರು, ಮಹಾರಾಷ್ಟ್ರದಲ್ಲಿ ಸಾತಬಾರಾ ಉತಾರದ 'ಬೋಜಾ' ನಮೂದು ನೋಡಬೇಕು. ಸಾಲ ತೀರಿಸಿದವರು ಬ್ಯಾಂಕಿನಿಂದ ಪತ್ರ ಪಡೆದು ಆ ನಮೂದನ್ನು ತೆಗೆಸಿಕೊಳ್ಳುವುದು ಒಳ್ಳೆಯದು.